ಒಡವೆಯ ಪೆಟ್ಟಿಗೆಯಲ್ಲಿದ್ದ ಗುಳಿಗೆ

ನನ್ನ ಮದುವೆಯಲ್ಲಿ ಮಾವನವರು ನನ್ನಾಕೆಗೆ ಕೊಟ್ಟ ವಸ್ತುಗಳ ಪೈಕಿ ಇಂದಿಗೂ ಕೆಡದೆ ಉಳಿದಿರುವುದು ಒಂದು ಬೀಟೆಮರದ ಪೆಟ್ಟಿಗೆ. ಮೊಳದುದ್ದ, ಗೇಣಗಲ, ಮೂಲೆಗಳಿಗೆ ಹಿತ್ತಾಳೆಯ ಪಟ್ಟಿ, ಮುಂದುಗಡೆ ಸಣ್ಣದೊಂದು ಬೀಗ. ಆಕೆಯ ಎರಡೆಳೆಯ ಸರ, ಬೆಂಡೋಲೆ, ನಾಲ್ಕು ಬಳೆ, ಮಗಳ ಮೊದಲ ಕಾಲ್ಗೆಜ್ಜೆ ಇವೆಲ್ಲ ಅದರಲ್ಲಿ ಇರುತ್ತಿದ್ದುವು. ೧೯೯೧ರ ಅಕ್ಟೋಬರ್ ತಿಂಗಳಿನಿಂದ ಮುಂದೆ ಹದಿನಾರು ತಿಂಗಳ ಕಾಲ ಈ ಒಡವೆಗಳ ಜತೆಯಲ್ಲಿ ಇನ್ನೊಂದು ವಸ್ತುವೂ ಅಲ್ಲಿ ವಾಸಮಾಡಿತು. ಅದು ಇಮಿಪ್ರಮೀನ್ ಎಂಬ ಗುಳಿಗೆ. ಗುಳಿಗೆ ನನ್ನದು, ಬೀಗದ ಕೈ ಆಕೆಯದು. ಈ ಏರ್ಪಾಡು ನನ್ನನ್ನು ಕೇಳಿ ಆದುದಲ್ಲ.

ನಾನು ಆಗ ತುಂಗಾತೀರದ ಒಂದು ಸಣ್ಣ ಊರಿನ ಪ್ರೌಢಶಾಲೆಯಲ್ಲಿ ಕನ್ನಡ ಪಂಡಿತ. ವಯಸ್ಸು ನಲವತ್ತೊಂದು. ಹೊಟ್ಟೆಪಾಡಿಗೆ ಅಧ್ಯಾಪಕವೃತ್ತಿ ಇದ್ದರೂ ನನ್ನ ಜೀವವಿದ್ದುದು ಗಮಕದಲ್ಲಿ. ಪ್ರತಿವರ್ಷ ಶ್ರಾವಣಮಾಸದಲ್ಲಿ ನಮ್ಮ ಊರಿನ ದೇವಸ್ಥಾನದ ಜಗಲಿಯಲ್ಲಿ ಕುಮಾರವ್ಯಾಸ ಭಾರತದ ವಾಚನ ನಡೆಯುತ್ತಿತ್ತು. ನಾನು ಹಾಡುವವನು, ನಮ್ಮ ಶಾಲೆಯಲ್ಲೇ ಸಂಸ್ಕೃತ ಹೇಳುತ್ತಿದ್ದ ಹಿರಿಯ ಮಿತ್ರರೊಬ್ಬರು ವ್ಯಾಖ್ಯಾನ ಹೇಳುವವರು. ಬಯಲುಸೀಮೆಯಲ್ಲಿ ಮಳೆ ಬರಲೆಂದು ವಿರಾಟಪರ್ವ ಓದಿಸುವ ರೂಢಿಯುಂಟಷ್ಟೆ. ನಮ್ಮ ಮಲೆನಾಡಿನವರಿಗೆ ಆ ಚಿಂತೆಯಿಲ್ಲ. ಮಳೆ ನಿಲ್ಲಿಸುವ ಪರ್ವ ಯಾವುದಾದರೂ ಇದ್ದಿದ್ದರೆ ಅದನ್ನು ಓದಿಸುತ್ತಿದ್ದರೋ ಏನೋ! ಹೆಂಚಿನ ಮೇಲೆ ಮಳೆ ಹೊಯ್ಯುತ್ತಿರುವಾಗ ಅದರ ಶ್ರುತಿಗೆ ಕೊರಳನ್ನು ಹೊಂದಿಸಿಕೊಂಡು ಹಾಡುವುದರ ಸುಖ ಹಾಡಿದವರಿಗೇ ಗೊತ್ತು.

ಆ ವರ್ಷ ಜ್ಯೇಷ್ಠಮಾಸದಲ್ಲಿ ನನಗೆ ಏನೋ ಆಯಿತು. ಏನೆಂದು ಹೇಳಲಿ? ಸಾವಿಲ್ಲ, ಸಾಲವಿಲ್ಲ, ಮನೆಯಲ್ಲಿ ಕಲಹವಿಲ್ಲ. ಬೆಳಗಿನ ಜಾವ ಮೂರು ಗಂಟೆಗೆ ಯಾರೋ ಎಬ್ಬಿಸಿದಂತೆ ಎಚ್ಚರವಾಗುವುದು. ಎಚ್ಚರವಾದೊಡನೆ ಎದೆಯ ಮೇಲೆ ಬೀಸುವ ಕಲ್ಲನ್ನಿಟ್ಟಂತೆ ಭಾರ. ಹಲ್ಲುಜ್ಜುವುದು ಒಂದು ದೊಡ್ಡ ಕಾರ್ಯವೆನಿಸುತ್ತಿತ್ತು. ಊಟ ಬಾಯಿಗೆ ಮಣ್ಣು. ಸಂಜೆಯ ಹೊತ್ತಿಗೆ ಕಲ್ಲು ತುಸು ಹಗುರಾಗಿ ನಾಲ್ಕು ಮಾತಾಡುತ್ತಿದ್ದೆ. ಮರುದಿನ ಬೆಳಗಾದರೆ ಮತ್ತೆ ಅದೇ. ಶ್ರಾವಣ ಬಂದಿತು. ಪುಸ್ತಕವನ್ನು ವ್ಯಾಸಪೀಠದ ಮೇಲಿಟ್ಟು ತೆರೆದೆ. ಬಾಲ್ಯದಿಂದ ಬಾಯಿಗೆ ಬಂದ ಷಟ್ಪದಿಗಳು ಯಾವುದೋ ದೇಶದ ರೈಲ್ವೆ ವೇಳಾಪಟ್ಟಿಯಂತೆ ಕಂಡುವು. ದುಃಖವಾಗಿದ್ದರೆ ಚೆನ್ನಾಗಿತ್ತು, ಏನೂ ಆಗಲಿಲ್ಲ. ಪುಸ್ತಕ ಮುಚ್ಚಿಟ್ಟು ಮನೆಗೆ ಬಂದೆ. ಆ ವರ್ಷ ನಮ್ಮ ಊರಿನಲ್ಲಿ ಭಾರತವಾಚನ ನಡೆಯಲಿಲ್ಲ.

ಸಾಡೇಸಾತಿ ಎಂದರು ಜೋಯಿಸರು. ಶನಿಶಾಂತಿ ಆಯಿತು. ಪಿತ್ತವೆಂದರು ಇನ್ನೊಬ್ಬರು, ಕಷಾಯವಾಯಿತು. “ಮನಸ್ಸು ಗಟ್ಟಿ ಮಾಡಿಕೊಳ್ಳಬೇಕು ಪಂಡಿತರೆ” ಎಂದು ಬುದ್ಧಿ ಹೇಳಿದವರನ್ನು ಲೆಕ್ಕ ಹಾಕಿದರೆ ಒಂದು ಶಾಲೆ ತೆರೆಯಬಹುದಿತ್ತು. ಮುರಿದ ಕಾಲಿನವನಿಗೆ ಓಡಿನೋಡು ಎಂದು ಯಾರೂ ಹೇಳುವುದಿಲ್ಲ. ಮನಸ್ಸಿನ ವಿಷಯದಲ್ಲಿ ಮಾತ್ರ ಎಲ್ಲರಿಗೂ ಈ ಚಿಕಿತ್ಸೆ ಗೊತ್ತು. ಕೊನೆಗೆ, ಹಿಂದೆ ನನ್ನ ವಿದ್ಯಾರ್ಥಿಯಾಗಿದ್ದು ಔಷಧದ ಅಂಗಡಿ ಇಟ್ಟಿದ್ದ ಹುಡುಗನೊಬ್ಬ ನನ್ನಾಕೆಗೆ ಗುಟ್ಟಾಗಿ ಒಂದು ವಿಳಾಸ ಕೊಟ್ಟನಂತೆ. ಆಕೆ ನನಗೆ ಕಣ್ಣಿನ ಪರೀಕ್ಷೆ ಎಂದು ಸುಳ್ಳು ಹೇಳಿ ಜಿಲ್ಲಾ ಕೇಂದ್ರದ ಮನೋವೈದ್ಯರ ಬಳಿಗೆ ಕರೆದುಕೊಂಡು ಹೋದಳು. ಬಾಗಿಲ ಫಲಕವನ್ನು ಓದಿದಾಗಲೂ ಸಿಟ್ಟು ಬರಲಿಲ್ಲ. ಸಿಟ್ಟು ಬರಲು ಬೇಕಾದ ಬಂಡವಾಳವೂ ನನ್ನಲ್ಲಿ ಉಳಿದಿರಲಿಲ್ಲ.

ವೈದ್ಯರು ವಯಸ್ಸಾದವರು, ಮೃದುಭಾಷಿಗಳು. ಬೆಂಗಳೂರಿನ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ೧೯೭೪ರಲ್ಲಿ ನಿಮ್ಹಾನ್ಸ್ ಆಗುವುದಕ್ಕೆ ಮೊದಲೇ ಅಲ್ಲಿ ಓದಿದವರೆಂದು ಆಮೇಲೆ ತಿಳಿಯಿತು. ಅವರು ನನ್ನ ದುಃಖದ ಕಾರಣವನ್ನು ಕೇಳಲೇ ಇಲ್ಲ. “ಬೆಳಗಿನ ಜಾವ ಎಷ್ಟು ಗಂಟೆಗೆ ಎಚ್ಚರವಾಗುತ್ತದೆ? ಭಾರ ಬೆಳಿಗ್ಗೆ ಹೆಚ್ಚೋ, ಸಂಜೆ ಹೆಚ್ಚೋ?” ಎಂದರು. ಕಣ್ಣಿನಲ್ಲಿ ಗ್ಲಾಕೋಮಾ ಉಂಟೆ, ಮೂತ್ರ ಕಟ್ಟುವುದುಂಟೆ, ಹಿಂದೆ ಎಂದಾದರೂ ಎದೆನೋವು ಬಂದಿತ್ತೆ ಎಂದರು. ಎದೆಗೆ ಕೊಳವೆಯಿಟ್ಟು ಬಹಳ ಹೊತ್ತು ಕೇಳಿದರು. ಆಮೇಲೆ ಅದೇ ದನಿಯಲ್ಲಿ, “ಬದುಕಿರುವುದೇ ಬೇಡವೆನಿಸುತ್ತದೆಯೆ ಪಂಡಿತರೆ?” ಎಂದು ಕೇಳಿದರು.

ನಾನು ಉತ್ತರ ಕೊಡಲಿಲ್ಲ. ಗೋಡೆಯ ಮೇಲಿದ್ದ ಕ್ಯಾಲೆಂಡರನ್ನು ನೋಡಿದೆ. ಪಕ್ಕದಲ್ಲಿ ನನ್ನಾಕೆಯ ಬಳೆಗಳ ಸದ್ದು ನಿಂತುಹೋದುದು ಕೇಳಿಸಿತು.

ವೈದ್ಯರು ಚೀಟಿ ಬರೆದು, ಅದನ್ನು ನನ್ನ ಕೈಗೆ ಕೊಡದೆ ಆಕೆಯ ಕೈಗೆ ಕೊಟ್ಟರು. “ಅಮ್ಮ, ಒಂದು ವಾರದ್ದು ಮಾತ್ರ ಬರೆದಿದ್ದೇನೆ. ಇದು ನಿಮ್ಮ ವಶದಲ್ಲಿರಲಿ. ರಾತ್ರಿ ನೀವೇ ತೆಗೆದುಕೊಡಿ” ಎಂದರು. ಹತ್ತಾರು ವರ್ಷ ಮಕ್ಕಳಿಗೆ ಬುದ್ಧಿ ಹೇಳಿದ ಪಂಡಿತನನ್ನು ಒಂದೇ ಮಾತಿನಲ್ಲಿ ಮಕ್ಕಳ ಸಾಲಿಗೆ ಕೂರಿಸಿದಂತಾಯಿತು.

ಮೊದಲು ಇಪ್ಪತ್ತೈದು ಮಿಲಿಗ್ರಾಮಿನದೊಂದು. ನಾಲ್ಕು ದಿನ ಕಳೆದು ಎರಡು. ಎರಡನೆಯ ವಾರದ ಕೊನೆಗೆ ಮೂರು. ಗುಣ ಕಾಣಲು ಮೂರು ವಾರವಾದರೂ ಬೇಕೆಂದು ವೈದ್ಯರು ಹೇಳಿದ್ದರು. ಆದರೆ ಅವಗುಣ ಕಾಣಲು ಮೂರು ದಿನವೂ ಬೇಕಾಗಲಿಲ್ಲ. ಬಾಯಿ ಒಣಗಿ ನಾಲಗೆ ಅಂಗುಳಕ್ಕೆ ಅಂಟಿಕೊಂಡಿತು. ಹಾಸಿಗೆಯಿಂದ ಎದ್ದುನಿಂತರೆ ಮನೆಯ ಕಂಬಗಳು ಪ್ರದಕ್ಷಿಣೆ ಬಂದುವು. ಬರೆಯಹೋದರೆ ಕೈ ನಡುಗಿತು. ಹತ್ತಿರದ ಅಕ್ಷರಗಳು ಮಸುಕಾಗಿ ಸಾಲಿರುವೆಗಳಂತೆ ಚದರಿದುವು. ಮಲಬದ್ಧತೆಯ ವಿಚಾರ ಸಭ್ಯ ಪತ್ರಿಕೆಯಲ್ಲಿ ಬರೆಯತಕ್ಕುದಲ್ಲ. ಹಿತ್ತಲಿನ ಬಾಳೆಗೊನೆಗಳು ಆ ತಿಂಗಳು ಮಾರುಕಟ್ಟೆಗೆ ಹೋಗಲಿಲ್ಲವೆಂದರೆ ಸಾಕು. ಎದೆಯ ಮೇಲಿನ ಕಲ್ಲು ಮಾತ್ರ ಇದ್ದಲ್ಲೇ ಇತ್ತು. ಸಾಲ ಕೊಡುವುದಕ್ಕೆ ಮೊದಲೇ ಬಡ್ಡಿ ವಸೂಲು ಮಾಡುವ ಸಾಹುಕಾರನಂಥ ಔಷಧ ಇದು ಎನಿಸಿತು.

ಹನ್ನೆರಡನೆಯ ದಿನವೋ ಹದಿಮೂರನೆಯ ದಿನವೋ ಇರಬೇಕು. ರಾತ್ರಿ ಊಟವಾದ ಮೇಲೆ ಆಕೆ ಸೊಂಟದ ಗೊಂಚಲಿನಿಂದ ಬೀಗದ ಕೈ ತೆಗೆದು, ಪೆಟ್ಟಿಗೆ ತೆರೆದು, ಎಣಿಸಿ, ಗುಳಿಗೆ ತಂದಳು. ನಾನು ತಿಂಗಳುಗಟ್ಟಲೆಯಿಂದ ಬಾರದ ಸಿಟ್ಟನ್ನೆಲ್ಲ ಕೂಡಿಸಿಕೊಂಡು ಕೇಳಿದೆ:

“ನಾನೇನು ಕಳ್ಳನೆ? ನನ್ನ ಮೇಲೆ ನಿನಗೆ ನಂಬಿಕೆಯಿಲ್ಲವೆ?”

ಆಕೆ ನೀರಿನ ಲೋಟವನ್ನು ಕೆಳಗಿಡಲಿಲ್ಲ. “ನಿಮ್ಮ ಮೇಲೆ ನಂಬಿಕೆಯಿದೆ. ನಿಮಗೆ ಬಂದಿದೆಯಲ್ಲ, ಅದರ ಮೇಲೆ ನನಗೆ ನಂಬಿಕೆಯಿಲ್ಲ” ಎಂದಳು.

ನಾನು ನುಂಗಿದೆ. ಆಕೆ, ನಾನು ನುಂಗಿದೆನೋ ಇಲ್ಲವೋ ಎಂದು ನೋಡುತ್ತ ನಿಂತಿದ್ದು, ಒಳಗೆ ಹೋದಳು.

ನಾಲ್ಕನೆಯ ವಾರದ ಒಂದು ಮಧ್ಯಾಹ್ನ ಊಟಕ್ಕೆ ಕುಳಿತಿದ್ದೆ. ಎರಡು ತುತ್ತು ಉಂಡವನು, “ಏನೇ ಇದು, ಹುಳಿಗೆ ಉಪ್ಪೇ ಹಾಕಿಲ್ಲವಲ್ಲ” ಎಂದೆ. ನನಗೇನೂ ವಿಶೇಷವಾಗಿ ತೋರಲಿಲ್ಲ. ಆಕೆ ಉಪ್ಪಿನ ಮರಿಗೆ ತರುತ್ತೇನೆಂದು ಒಳಗೆ ಹೋದವಳು ಹೊರಗೆ ಬರಲಿಲ್ಲ. ಎದ್ದು ಹೋಗಿ ನೋಡಿದರೆ, ಒಲೆಯ ಮುಂದೆ ಸೆರಗಿನಿಂದ ಮುಖ ಮುಚ್ಚಿಕೊಂಡು ಅಳುತ್ತಿದ್ದಾಳೆ. ಐದು ತಿಂಗಳಿನಿಂದ ನಾನು ಉಪ್ಪಿದ್ದರೂ ಇಲ್ಲದಿದ್ದರೂ ಒಂದೇ ಸಮನೆ ತಲೆಬಗ್ಗಿಸಿ ಉಂಡೇಳುತ್ತಿದ್ದೆನಂತೆ. ಗುಣವಾಗುತ್ತಿರುವುದು ರೋಗಿಗಿಂತ ಮೊದಲು ಮನೆಯವರಿಗೆ ತಿಳಿಯುತ್ತದೆಂದು ವೈದ್ಯರು ಆಕೆಗೆ ಹೇಳಿದ್ದರಂತೆ. ಆಕೆ ದಿನವೂ ಕಾಯುತ್ತಿದ್ದಳು. ಯಾವ ರೂಪದಲ್ಲಿ ಬರುತ್ತದೆಂದು ಗೊತ್ತಿರಲಿಲ್ಲ. ಬೈಗುಳಿನ ರೂಪದಲ್ಲಿ ಬಂದಿತು.

ಅಲ್ಲಿಂದ ಮುಂದೆ ಕಲ್ಲು ಒಂದೇ ದಿನ ಇಳಿಯಿತೆಂದಲ್ಲ. ಒಂದು ದಿನ ಹಗುರ, ಎರಡು ದಿನ ಭಾರ. ಆದರೆ ಬೆಳಗಿನ ಮೂರು ಗಂಟೆ ನಾಲ್ಕಾಯಿತು, ನಾಲ್ಕು ಐದಾಯಿತು. ಒಂದು ದಿನ ಎಚ್ಚರವಾದಾಗ ಬಿಸಿಲು ಬಂದಿತ್ತು.

ಎರಡು ತಿಂಗಳ ಮೇಲೆ ವೈದ್ಯರ ಬಳಿಗೆ ಒಬ್ಬನೇ ಹೋದಾಗ, ಬೀಗದ ಕೈ ವಿಚಾರವನ್ನು ಎತ್ತಿದೆ. ಅವರು ನಕ್ಕು, ಆಮೇಲೆ ನಗು ನಿಲ್ಲಿಸಿ ಹೇಳಿದರು: “ಈ ಜಾತಿಯ ಔಷಧಕ್ಕೆ ಒಂದು ದೋಷವಿದೆ. ಹೇಳಿದಷ್ಟು ತೆಗೆದುಕೊಂಡರೆ ಜೀವ ಉಳಿಸುತ್ತದೆ. ಮಿತಿ ಮೀರಿದರೆ ಹೃದಯದ ತಾಳವನ್ನೇ ಕೆಡಿಸುತ್ತದೆ. ಯಾರಿಗೆ ಇದು ಬೇಕೋ ಅವರ ಕೈಯಲ್ಲೇ ಇದನ್ನು ಹೆಚ್ಚಾಗಿ ಕೊಡಬಾರದು. ಇನ್ನೂ ಒಂದು ಮಾತು. ಗುಣ ಹತ್ತುವ ಕಾಲದಲ್ಲಿ ಕೆಲವರಿಗೆ ಕೈಕಾಲಿಗೆ ಮೊದಲು ಚೈತನ್ಯ ಬರುತ್ತದೆ, ಮನಸ್ಸಿಗೆ ಭರವಸೆ ಆಮೇಲೆ ಬರುತ್ತದೆ. ನಡುವಿನ ಆ ಕೆಲವು ದಿನ ಮನೆಯವರು ಎಚ್ಚರವಾಗಿರಬೇಕು. ಅವತ್ತು ನನ್ನ ಪ್ರಶ್ನೆಗೆ ನೀವು ಕ್ಯಾಲೆಂಡರ್ ನೋಡಿದಿರಿ. ನನಗೆ ಅಷ್ಟು ಸಾಕಾಗಿತ್ತು.” ಬಸ್ಸಿನಲ್ಲಿ ಊರಿಗೆ ಬರುವಾಗ ನನಗೆ ಹೊಳೆಯಿತು: ಅವರ ಪ್ರಶ್ನೆಗೆ ನಾನು ಕೊಡದ ಉತ್ತರವನ್ನು ಆ ದಿನದಿಂದ ಸೊಂಟದಲ್ಲಿ ಕಟ್ಟಿಕೊಂಡು ತಿರುಗುತ್ತಿದ್ದವಳು ನನ್ನಾಕೆ.

ಆರೋಗ್ಯ ಮರಳಿದೊಡನೆ ಅಧ್ಯಾಪಕನ ತುರಿಕೆಯೂ ಮರಳಿತು. ನುಂಗುವ ವಸ್ತುವಿನ ಕುಲಗೋತ್ರಗಳನ್ನು ವಿಚಾರಿಸತೊಡಗಿದೆ. ವೈದ್ಯರು ಹೇಳಿದುದಷ್ಟು, ವರ್ಷಗಳ ಮೇಲೆ ಓದಿ ತಿಳಿದುದಷ್ಟು. ಸ್ವಿಟ್ಜರ್ಲೆಂಡಿನಲ್ಲಿ ಒಂದು ದೊಡ್ಡ ಸರೋವರದ ದಡದಲ್ಲಿ ಮ್ಯುನ್‌ಸ್ಟರ್‌ಲಿಂಗೆನ್ ಎಂಬ ಹಳ್ಳಿ. ಅಲ್ಲಿಯ ಮಾನಸಿಕ ಆಸ್ಪತ್ರೆಯಲ್ಲಿ ರೋಲಾಂಡ್ ಕೂನ್ ಎಂಬ ವೈದ್ಯ. ಬಾಸೆಲ್ ನಗರದಲ್ಲಿ ಬಣ್ಣಗಳನ್ನು ಮಾಡಿ ಹೆಸರಾದ ಗೈಗಿ ಕಂಪನಿಯವರು ‘ಜಿ ೨೨೩೫೫’ ಎಂಬ ಅಂಕಿಯ ಒಂದು ವಸ್ತುವನ್ನು ಪರೀಕ್ಷೆಗೆಂದು ಅವರಿಗೆ ಕೊಟ್ಟರು. ಅದರ ಮೂಲದ್ರವ್ಯ ಹತ್ತೊಂಬತ್ತನೆಯ ಶತಮಾನದ ಕೊನೆಯಿಂದಲೇ ರಸಾಯನಶಾಸ್ತ್ರಜ್ಞರಿಗೆ ಗೊತ್ತಿತ್ತು, ಉಪಯೋಗ ಗೊತ್ತಿರಲಿಲ್ಲ. ಮೊದಲು ಸ್ಕಿಜೋಫ್ರೇನಿಯ ಆದವರಿಗೆ ಕೊಟ್ಟು ನೋಡಿದರು. ಶಾಂತರಾಗುವ ಬದಲು ಕೆಲವರು ಕೆರಳಿದರು. ಅಲ್ಲಿಗೆ ಬಿಟ್ಟುಬಿಡಬಹುದಾಗಿತ್ತು. ೧೯೫೬ರ ಆರಂಭದಲ್ಲಿ ಖಿನ್ನತೆಯವರಿಗೆ ಕೊಟ್ಟರು. ಬೆಳಗಿನ ಹೊತ್ತು ಹೆಚ್ಚು ಭಾರವಾಗಿರುವ, ಮೈಯೆಲ್ಲ ಸೀಸ ತುಂಬಿದಂತಿರುವ ಖಿನ್ನತೆಗೆ ಇದು ವಿಶೇಷವಾಗಿ ಹಿಡಿಯುತ್ತದೆಂದು ಕೂನ್ ಕಂಡುಕೊಂಡರು. ನಮ್ಮ ವೈದ್ಯರು ಬೆಳಿಗ್ಗೆಯೋ ಸಂಜೆಯೋ ಎಂದು ಕೇಳಿದುದರ ಮೂಲ ಇಲ್ಲಿದೆ.

೧೯೫೭ರಲ್ಲಿ ಕೂನ್ ತಮ್ಮ ಲೇಖನವನ್ನು ಸ್ವಿಸ್ ವೈದ್ಯರ ಒಂದು ವಾರಪತ್ರಿಕೆಯಲ್ಲಿ ಪ್ರಕಟಿಸಿದರು (ವಾರಪತ್ರಿಕೆಗಳನ್ನು ಹೀಗಳೆಯುವ ವಿದ್ವಾಂಸರು ಗಮನಿಸಬೇಕು!). ಅದೇ ವರ್ಷ ಸೆಪ್ಟೆಂಬರಿನಲ್ಲಿ ಜೂರಿಚ್ ನಗರದ ಅಂತರರಾಷ್ಟ್ರೀಯ ಮನೋವೈದ್ಯರ ಸಮ್ಮೇಳನದಲ್ಲಿ ಅವರು ಮಾತನಾಡಿದಾಗ ಕೇಳಲು ಕುಳಿತಿದ್ದವರು ಹನ್ನೆರಡು ಮಂದಿಯಷ್ಟೇ ಅಂತೆ. ಇದನ್ನು ಓದಿದಾಗ ನನಗೆ ಆ ಮಹಾನುಭಾವರ ಮೇಲೆ ಬಂಧುಪ್ರೀತಿ ಹುಟ್ಟಿತು. ಜೋರುಮಳೆಯ ದಿನ ನಮ್ಮ ಭಾರತವಾಚನಕ್ಕೂ ಅಷ್ಟೇ ಜನ. ಆದರೆ ಪ್ರೀತಿ ಕಣ್ಣು ಮುಚ್ಚಬಾರದು. ಆ ಆಸ್ಪತ್ರೆಯಲ್ಲಿ ದಶಕಗಳ ಕಾಲ ಇನ್ನೂ ಅನೇಕ ಅನಾಮಧೇಯ ವಸ್ತುಗಳನ್ನು ರೋಗಿಗಳ ಮೇಲೆ ಪ್ರಯೋಗಿಸಿದರೆಂದೂ, ಎಷ್ಟೋ ಸಲ ಅವರ ಒಪ್ಪಿಗೆಯನ್ನು ಕೇಳಲಿಲ್ಲವೆಂದೂ ಇತಿಹಾಸಕಾರರು ೨೦೧೯ರಲ್ಲಿ ಬಹಿರಂಗಪಡಿಸಿದರು. ನನ್ನ ನಾಲಗೆಗೆ ಉಪ್ಪಿನ ರುಚಿ ಮರಳಿದುದರ ಹಿಂದೆ, ಕೇಳದೆ ಯಾರೋ ತಮ್ಮ ಮೈಯನ್ನು ಪರೀಕ್ಷೆಗೆ ಒಡ್ಡಬೇಕಾಯಿತು. ಈ ಋಣವನ್ನು ಯಾರಿಗೆ ಸಲ್ಲಿಸುವುದೋ ನಾನರಿಯೆ.

ಆ ಅಂಕಿಯ ವಸ್ತುವಿಗೆ ಇಮಿಪ್ರಮೀನ್ ಎಂದು ನಾಮಕರಣವಾಯಿತು. ಅದರ ಒಕ್ಕಲಿನಲ್ಲಿ ಅಮಿಟ್ರಿಪ್ಟಿಲೀನ್, ನಾರ್‌ಟ್ರಿಪ್ಟಿಲೀನ್ ಮೊದಲಾದ ತಮ್ಮಂದಿರು ಹುಟ್ಟಿದರು. ಟ್ರೈಸೈಕ್ಲಿಕ್ ಎಂಬುದು ಇವರ ಮನೆತನದ ಹೆಸರು. ಅಣುವಿನ ಚಿತ್ರ ಬರೆದರೆ ಮೂರು ಬಳೆಗಳು ಒಂದಕ್ಕೊಂದು ಅಂಟಿಕೊಂಡಂತೆ ಕಾಣುತ್ತದೆ. ನನ್ನಾಕೆಗೆ ತೋರಿಸಿದಾಗ, “ಬಿಲ್ವಪತ್ರೆಯ ಹಾಗಿದೆಯಲ್ಲ” ಎಂದಳು. ಮಿದುಳಿನ ನರತಂತುಗಳು ಒಂದಕ್ಕೊಂದು ಸುದ್ದಿ ಮುಟ್ಟಿಸಲು ಸುರಿಸಿದ ದ್ರವ್ಯಗಳನ್ನು ಕೂಡಲೆ ಹಿಂದಕ್ಕೆ ಹೀರಿಕೊಳ್ಳುತ್ತವೆ. ಈ ಔಷಧ ಆ ಹೀರುವಿಕೆಯನ್ನು ತಡೆಯುತ್ತದೆ. ಆದರೆ ಅದು ಅಲ್ಲಿಗೆ ನಿಲ್ಲದೆ, ಬಾಯಲ್ಲಿ ನೀರೂರಿಸುವ, ಕರುಳನ್ನು ನಡೆಸುವ ನರಗಳ ದಾರಿಗೂ ಅಡ್ಡ ಕೂರುತ್ತದೆ. ಅದೇ ನನ್ನ ನಾಲಗೆ ಒಣಗಿದುದರ ಗುಟ್ಟು.

ಈಗ ನನ್ನ ಮುಖ್ಯ ಸಂಕಟಕ್ಕೆ ಬರುತ್ತೇನೆ. ೧೯೯೨ರ ಶ್ರಾವಣ ಹತ್ತಿರವಾಯಿತು. ಹಾಡಬೇಕೆಂಬ ಆಸೆ ಹಿಂದಿಗಿಂತ ಇಮ್ಮಡಿಯಾಗಿ ಬಂದಿತ್ತು. ಪುಸ್ತಕ ತೆರೆದರೆ ಷಟ್ಪದಿಗಳು ಹಳೆಯ ಗೆಳೆಯರಂತೆ ಎದ್ದು ಬಂದುವು. ಹಾಡಲು ಬಾಯಿ ತೆರೆದರೆ ಬಾಯಿಯೊಳಗೆ ಒಂದು ಹನಿ ನೀರಿಲ್ಲ. ‘ಳ’ಕಾರಕ್ಕೆ ನಾಲಗೆ ಮೇಲೆ ಹೋದದ್ದು ಕೆಳಕ್ಕೆ ಬರಲೊಲ್ಲದು. ಹಾಡುವ ಮನಸ್ಸನ್ನು ಮರಳಿ ಕೊಟ್ಟ ಔಷಧವೇ ಹಾಡುವ ಬಾಯಿಯನ್ನು ಕಿತ್ತುಕೊಂಡಿತ್ತು. ಕಲ್ಲುಸಕ್ಕರೆಯನ್ನು ಬಾಯಲ್ಲಿಟ್ಟುಕೊಂಡು ನೋಡಿದೆ. ವೈದ್ಯರು, “ಒಣಬಾಯಿಗೆ ಸಕ್ಕರೆ ಸೇರಿದರೆ ಹಲ್ಲು ಒಂದೂ ಉಳಿಯದು, ನೀರನ್ನೇ ಗುಟುಕರಿಸಿ” ಎಂದು ಗದರಿಸಿದರು. “ಶ್ರಾವಣ ಒಂದು ತಿಂಗಳ ಮಟ್ಟಿಗೆ ಗುಳಿಗೆ ನಿಲ್ಲಿಸಲೆ?” ಎಂದು ಕೇಳಿದೆ. ಅವರು ನನ್ನನ್ನು ನೋಡಿದರೇ ಹೊರತು ಮಾತಾಡಲಿಲ್ಲ. ಅದಕ್ಕೆ ಮೊದಲು ಒಂದು ಸಲ ಮದುವೆಮನೆಯ ಗಡಿಬಿಡಿಯಲ್ಲಿ ಗುಳಿಗೆ ಮರೆತು, ಎರಡು ರಾತ್ರಿ ಓಕರಿಕೆ, ಬೆವರು, ವಿಕಾರ ಸ್ವಪ್ನಗಳಿಂದ ಬಳಲಿದ್ದೆ. ಥಟ್ಟನೆ ನಿಲ್ಲಿಸತಕ್ಕ ಔಷಧ ಇದಲ್ಲವೆಂಬುದು ನನಗೆ ಗೊತ್ತಿತ್ತು; ಆದರೂ ಕೇಳಿದೆ.

ನನ್ನ ವ್ಯಾಖ್ಯಾನಕಾರ ಮಿತ್ರರಲ್ಲಿ ಸತ್ಯವನ್ನು ಹೇಳಿಕೊಂಡೆ. ಊರಿನಲ್ಲಿ ನಾನು ಬಾಯಿಬಿಟ್ಟು ಹೇಳಿದ್ದು ಅವರೊಬ್ಬರಿಗೇ. ಅವರು ನಸ್ಯದ ಡಬ್ಬಿ ತಟ್ಟುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದು, “ನೀವು ಒಂದು ಪದ್ಯ ಹಾಡಿ ಸಾಕು, ಮಿಕ್ಕದ್ದು ನನಗೆ ಬಿಡಿ” ಎಂದರು.

ಅಂದಿನಿಂದ ಅವರ ವ್ಯಾಖ್ಯಾನ ಬೆಳೆದ ಪರಿಯನ್ನು ಏನೆಂದು ವರ್ಣಿಸಲಿ! ನಾನು ಒಂದು ಪದ್ಯ ಮುಗಿಸಿ ತಂಬಿಗೆಗೆ ಕೈಹಾಕಿದರೆ, ಅವರು ವ್ಯಾಕರಣದಿಂದ ಹಿಡಿದು ಉಪನಿಷತ್ತಿನವರೆಗೆ ಸುತ್ತಾಡಿ, ನಾನು ತಂಬಿಗೆ ಕೆಳಗಿಟ್ಟ ಸದ್ದು ಕೇಳಿದ ಮೇಲೆಯೇ ಪದ್ಯಕ್ಕೆ ಮರಳುತ್ತಿದ್ದರು. ಈ ವರ್ಷದ ವ್ಯಾಖ್ಯಾನ ಬಹಳ ವಿಸ್ತಾರವಾಗಿತ್ತೆಂದು ಊರೆಲ್ಲ ಹೊಗಳಿತು. ಕರ್ಣಭೇದನದ ಪ್ರಸಂಗ ಬಂದ ರಾತ್ರಿ, ಕೃಷ್ಣನು ಜನ್ಮರಹಸ್ಯವನ್ನು ಹೇಳಿದ ಕ್ಷಣದಲ್ಲಿ, ನನ್ನ ಗಂಟಲು ಪೂರ್ತಿ ಒಣಗಿ ದನಿ ನಡುವೆಯೇ ನಿಂತಿತು. ಕರ್ಣನ ದುಃಖಕ್ಕೆ ಗಮಕಿಯ ಕಂಠ ಬಿಗಿದುಬಂದಿತೆಂದು ತಿಳಿದು ಸಭೆ ಕಣ್ಣೊರಸಿಕೊಂಡಿತು. ನಿಜವಾಗಿ ಅದು ಎಪ್ಪತ್ತೈದು ಮಿಲಿಗ್ರಾಮಿನ ಪ್ರತಾಪ. ಹೆಂಗಸರ ಸಾಲಿನಲ್ಲಿ ನನ್ನಾಕೆಯೊಬ್ಬಳು ಮಾತ್ರ ಸೆರಗನ್ನು ಬಾಯಿಗೊತ್ತಿಕೊಂಡು ನಗುತ್ತಿದ್ದಳು.

ಗುಟ್ಟು ಗುಟ್ಟಾಗಿ ಉಳಿಯಲಿಲ್ಲವೆಂಬುದನ್ನೂ ಹೇಳಿಬಿಡಬೇಕು. “ತಲೆಗೆ ಗುಳಿಗೆ ನುಂಗುವ ಪಂಡಿತರು” ಎಂಬ ಮಾತು ನನ್ನ ಬೆನ್ನ ಹಿಂದೆ ಹುಟ್ಟಿ ಮುಂದಕ್ಕೂ ಬಂದಿತು. ತ್ರಿವೇಣಿಯವರ ‘ಶರಪಂಜರ’ವನ್ನು ಓದಿ ಕಣ್ಣೀರು ಸುರಿಸಿದ ಸಹೋದ್ಯೋಗಿಗಳೇ ನಾನು ಒಂದು ದಿನ ಜೋರಾಗಿ ನಕ್ಕರೆ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು. ಸಕ್ಕರೆ ಕಾಯಿಲೆಯ ಗುಳಿಗೆಯನ್ನು ಊಟದ ಎಲೆಯ ಮುಂದೆಯೇ ನುಂಗುತ್ತಿದ್ದವರು ಅವರು. ಅವರ ಮೇಲೆ ಈಗ ಕೋಪವಿಲ್ಲ, ಆಗ ಇತ್ತು.

೧೯೯೩ರ ಆರಂಭದಲ್ಲಿ ವೈದ್ಯರು ವಾರವಾರಕ್ಕೆ ಇಷ್ಟಿಷ್ಟು ಇಳಿಸುತ್ತ ಔಷಧವನ್ನು ನಿಲ್ಲಿಸಿದರು. ಐದು ವರ್ಷಗಳ ಮೇಲೆ ಆ ಕಲ್ಲು ಮತ್ತೊಮ್ಮೆ ಬಂದಿತು. ಆ ಸಲ ಬೆಳಗಿನ ಮೂರು ಗಂಟೆಗೆ ಎಚ್ಚರವಾದ ನಾಲ್ಕನೆಯ ದಿನವೇ ನಾನೇ ಆಕೆಯನ್ನು ಎಬ್ಬಿಸಿ, “ಪೆಟ್ಟಿಗೆ ತೆರೆಯಬೇಕಾಗಿದೆ” ಎಂದೆ. ಆ ಹೊತ್ತಿಗೆ ಬಾಯಿ ಅಷ್ಟಾಗಿ ಒಣಗಿಸದ ಹೊಸ ಔಷಧಗಳು ಬಂದಿದ್ದುವು. ಇಂದು ಖಿನ್ನತೆಗೆ ವೈದ್ಯರು ಸಾಮಾನ್ಯವಾಗಿ ಮೊದಲು ಬರೆಯುವುದು ಅವನ್ನೇ. ಮೂರು ಬಳೆಗಳ ಮನೆತನ ಹಿಂದೆ ಸರಿದಿದೆ.

ಪೂರ್ತಿ ಸರಿದಿಲ್ಲವೆಂಬುದು ನನಗೆ ತಿಳಿದುದು ಕಳೆದ ವರ್ಷ. ನನ್ನಾಕೆಗೆ ಬೆನ್ನಿನಿಂದ ಪಕ್ಕೆಯವರೆಗೆ ಸರ್ಪಸುತ್ತು ಎದ್ದಿತು. ಗುಳ್ಳೆ ಒಣಗಿದರೂ ಉರಿ ಹೋಗಲಿಲ್ಲ. ಸೀರೆ ಸೋಕಿದರೆ ಕೆಂಡ ಸೋಕಿದಂತೆ. ತಿಂಗಳುಗಟ್ಟಲೆ ರಾತ್ರಿ ಕುಳಿತೇ ಕಳೆದಳು. ತರುಣ ವೈದ್ಯೆಯೊಬ್ಬಳು ಇ.ಸಿ.ಜಿ. ತೆಗೆಸಿ ನೋಡಿ, ಇದು ನರದ ನೋವೆಂದು ಹೇಳಿ, ರಾತ್ರಿಗೆ ಹತ್ತು ಮಿಲಿಗ್ರಾಮಿನ ಒಂದು ಗುಳಿಗೆ ಬರೆದಳು. ಚೀಟಿಯಲ್ಲಿ ಅಮಿಟ್ರಿಪ್ಟಿಲೀನ್ ಎಂದಿತ್ತು. ಹಳೆಯ ಸಂಬಂಧಿಕರ ಹೆಸರನ್ನು ಲಗ್ನಪತ್ರಿಕೆಯಲ್ಲಿ ಕಂಡಂತಾಯಿತು. “ಇದನ್ನು ಮನಸ್ಸಿಗೂ ಕೊಡುತ್ತಾರೆ ಅಜ್ಜ, ಹೆದರಬೇಡಿ” ಎಂದು ಆ ಹುಡುಗಿ ನನಗೆ ಧೈರ್ಯ ಹೇಳಿದಳು.

ಉರಿ ಈಗ ಅರ್ಧಕ್ಕರ್ಧ ಇಳಿದಿದೆ. ಎದ್ದುನಿಲ್ಲುವಾಗ ತಲೆ ತಿರುಗೀತೆಂದು ನಾನು ಪಕ್ಕದಲ್ಲಿ ನಿಂತಿರುತ್ತೇನೆ.

“ಏನೂಂದ್ರೆ, ಬಾಯಿ ಒಣಗುತ್ತದೆ. ಒಂದು ಚೂರು ಕಲ್ಲುಸಕ್ಕರೆ ಕೊಡಿ.”

“ಹಲ್ಲು ಉಳಿಯದು. ನೀರು ಕುಡಿ.”

ಬೇಸಗೆ ರಜಕ್ಕೆ ಬೆಂಗಳೂರಿನಿಂದ ಮೊಮ್ಮಕ್ಕಳು ಬಂದಿದ್ದಾರೆ. ಚಿಕ್ಕವನಿಗೆ ಮೂರು ವರ್ಷ, ಕಂಡದ್ದೆಲ್ಲ ಬಾಯಿಗೆ. ಒಡವೆಗಳು ಮಗಳ ಪಾಲಿಗೆ ಹೋಗಿ ಬೀಟೆಯ ಪೆಟ್ಟಿಗೆ ಬರಿದಾಗಿತ್ತು. ಗುಳಿಗೆಯ ಹಾಳೆಗಳನ್ನು ಅದರಲ್ಲಿಟ್ಟು ಬೀಗ ಹಾಕಿದ್ದೇನೆ. ಬೀಗದ ಕೈ ನನ್ನ ಜನಿವಾರದಲ್ಲಿದೆ. ರಾತ್ರಿ ಒಂಬತ್ತು ಹೊಡೆಯುತ್ತಲೂ ಆಕೆ ಕೈ ಚಾಚುತ್ತಾಳೆ. ನಾನು ತೆರೆದು, ಎಣಿಸಿ, ಒಂದನ್ನು ಕೊಟ್ಟು, ನುಂಗುವವರೆಗೆ ನಿಂತಿರುತ್ತೇನೆ.